ಕೌದಿಗೆ ಬಿಸಿಲು, ಉಸಿರಿಗೆ ಕಿಟಕಿ

2021ರ ಮೇ 10, ಸೋಮವಾರ. ಆಧಾರ: ಸುರಪುರದ ನಮ್ಮ ಅಡುಗೆಮನೆಯ ಗೋಡೆ ಕ್ಯಾಲೆಂಡರು. ಆ ದಿನದ ಚೌಕದಲ್ಲಿ ಅಕ್ಕ ಗಂಗಮ್ಮ ಪೆನ್ಸಿಲಿನಿಂದ ‘ಕೌದಿ’ ಎಂದು ಬರೆದಿದ್ದಾಳೆ.

ಕೊರೊನಾದ ಎರಡನೆಯ ಅಲೆಯ ದಿನಗಳವು. ಪಕ್ಕದ ಮನೆಯ ನಾಗಮ್ಮ ಮೊಮ್ಮಗಳ ತೊಟ್ಟಿಲಿಗೆ ಕೌದಿ ಬೇಕೆಂದು ಹಳೆಯ ಸೀರೆಗಳ ಗಂಟು ತಂದಿಟ್ಟಿದ್ದಳು. ಅಕ್ಕ ಅವನ್ನು ಎರಡು ದಿನ ಮಾಳಿಗೆಯ ಮೇಲೆ ಹರಡಿದ್ದಳು. ಇಬ್ಬರೂ ಕೂಡಿ ಹೊಲಿಯಲು ಕುಳಿತಾಗ, ವೈರಾಣುಗಳ ಅಧ್ಯಯನದಲ್ಲೇ ತಲೆ ನರೆಸಿಕೊಂಡ ನಾನು ಸೋಂಕು ತಗಲೀತೆಂದು ಗದರಿದೆ.

“ನಮ್ಮ ಬಿಸಿಲಾಗ ಮನಷ್ಯಾ ಬದುಕೂದ ಕಷ್ಟ, ಆ ಹುಳ ಹ್ಯಾಂಗ ಬದುಕತೈತೋ ತಮ್ಮಾ?” ಎಂದಳು ಅಕ್ಕ.

“ಅಣ್ಣಾರು ಪುಸ್ತಕದಾಗಿನ ಬಿಸಿಲು ನೋಡ್ಯಾರ, ಸುರಪುರದ್ದು ನೋಡಿಲ್ಲ ಬಿಡ್ರಿ!” ಎಂದು ನಾಗಮ್ಮ ನಕ್ಕಳು.

ಗೆಳೆಯರೇ, ಅವರ ಮಾತು ಅರ್ಧ ನಿಜ. ಆ ವೈರಾಣುವಿನ ಮೈಮೇಲಿನ ಕೊಬ್ಬಿನ ತೆಳುಪೊರೆ ಉರಿಬಿಸಿಲಿಗೆ ಬಹುಕಾಲ ಬಾಳದು. ಸೀರೆಗಳು ಶುದ್ಧವೇ ಆಗಿದ್ದವು. ಆದರೆ ವೈರಾಣುವನ್ನು ಕೊಲ್ಲುವ ಅದೇ ಬಿಸಿಲು ಮನುಷ್ಯರನ್ನು ಕತ್ತಲೆಯ ತಂಪು ಕೋಣೆಗೆ ಅಟ್ಟುತ್ತದೆ, ಮತ್ತು ಅಲ್ಲಿ ವೈರಾಣುವಿಗೆ ನಮ್ಮ ಮೈಯ ಹಿತವಾದ ಬಿಸುಪಿದೆ, ಒಬ್ಬರಿಂದೊಬ್ಬರಿಗೆ ದಾಟಲು ಉಸಿರಿದೆ. ಸೂರ್ಯನನ್ನು ಮಾಳಿಗೆಯ ಮೇಲೆ ಕಾವಲಿಗೆ ನಿಲ್ಲಿಸಿ, ನಾವು ಮೂವರೂ ಒಂದೇ ಕೋಣೆಯೊಳಗೆ ಬಾಗಿಲು, ಕಿಟಕಿಗಳ ಅಗಳಿ ಹಾಕಿಕೊಂಡೆವು. ಬಿಸಿಲುನಾಡಿಗೆ ಬಿಸಿಲೇ ಮದ್ದೆಂದು ಎದೆ ತಟ್ಟುವವರು ಯಾದಗಿರಿ, ಶಹಾಪುರಗಳಲ್ಲಿ ಇಂದಿಗೂ ಇದ್ದಾರೆ. ಅವರಿಗೆ ತಲೆಯಾಡಿಸಲು ನಾನು ಒಲ್ಲೆ.

ವಾರದೊಳಗೆ ಮೂವರಿಗೂ ಜ್ವರ. ಆಸ್ಪತ್ರೆಗೆ ಹೋದ ನಾಗಮ್ಮ ಮರಳಲಿಲ್ಲ. ಯಾರಿಂದ ಯಾರಿಗೆ ಬಂತೆಂದು ಯಾವ ಶಾಸ್ತ್ರವೂ ಈಗ ಹೇಳಲಾರದು. ನಾನು ಮಾತ್ರ ಹೇಳುತ್ತಲೇ ಬಂದೆ: “ಕಿಟಕಿ ಮುಚ್ಚಿದಾಕಿ ನೀನ.” ಅಕ್ಕ ಒಮ್ಮೆಯೂ ಎದುರಾಡಲಿಲ್ಲ, ಸೂಜಿಯನ್ನೂ ಮತ್ತೆ ಹಿಡಿಯಲಿಲ್ಲ. ಅರೆಹೊಲಿದ ಕೌದಿ ಟ್ರಂಕು ಸೇರಿತು. ತೊಟ್ಟಿಲಿನ ಆ ಕೂಸು ಈಗ ಶಾಲೆಗೆ ಹೋಗುತ್ತಿದೆ.

ಇಂದು ಈ ಬರಹಕ್ಕಾಗಿ ತಾರೀಖು ತಾಳೆ ನೋಡಲು ನನ್ನ ಅಂದಿನ ದಿನಚರಿ ತೆರೆದೆ. ನನ್ನದೇ ಅಕ್ಷರ: “ಮಧ್ಯಾಹ್ನ ಒಂದೂವರೆ. ಬಿಸಿಗಾಳಿ ತಾಳಲಾಗದೆ ನಾನೇ ಎದ್ದು ಕಿಟಕಿ ಮುಚ್ಚಿ ಬಂದೆ.”

ಆ ಹಾಳೆಯನ್ನು ಹರಿಯಲಿಲ್ಲ. ಅಕ್ಕನ ಮುಂದೆ ಕುಳಿತು ಗಟ್ಟಿಯಾಗಿ ಓದಿದೆ. ಅವಳು ಎದ್ದು, ಟ್ರಂಕಿನಿಂದ ಕೌದಿ ತೆಗೆದು ಮಡಿಲಲ್ಲಿ ಹರಡಿಕೊಂಡಳು.

“ಮೊದಲ ಹೋಗಿ ಆ ಕಿಟಕಿ ತಗೀ,” ಎಂದಳು, ಸೂಜಿಗೆ ದಾರ ಪೋಣಿಸುತ್ತ.