ಉಸಿರು ನಿಲ್ಲದ ಕೀಬೋರ್ಡ್

ಆಳಂದದ ಪೇಟೆಯಲ್ಲಿ ಸರ್ದಾರನ ರೇಡಿಯೋ ಅಂಗಡಿಗೆ ಹೊಸ ಕೀಬೋರ್ಡ್ ಬಂತೆಂದರೆ, ರಟ್ಟಿನ ಡಬ್ಬಿ ಬಿಚ್ಚುವ ಮೊದಲೇ ಭಜನೆಯ ಹಾರ್ಮೋನಿಯಂ ಪೇಟಿ ಮಾಸ್ತರ ಚಂದ್ರಾಮಪ್ಪನವರು ಮೆಟ್ಟಿಲೇರಿ ಬಂದಿರುತ್ತಿದ್ದರು. ಮನೆಯ ರಿಯಾಜಿಗೊಂದು ಬೇಕಿತ್ತು. ಆದರೆ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರೂ ಅಷ್ಟು ಪರೀಕ್ಷಿಸಲಿಕ್ಕಿಲ್ಲ. ಒಂದರ ಒತ್ತುವ ಪಟ್ಟಿಗಳು ಕಿರಿದು, ಇನ್ನೊಂದರ ದನಿ ಮೂಗಿನಿಂದ ಬರುತ್ತದೆ. ಸರ್ದಾರ ಗುಂಡಿಯೊತ್ತಿ ಅದರೊಳಗಿನ ಹಾಡು ಕೇಳಿಸಿದರೆ, “ಅದೇ ಬಾರಿಸ್ತದಂದ್ರ ನಾ ಯಾಕ ಬೇಕಲೇ? ಬಂದ್ ಮಾಡು!” ಎನ್ನುವರು. “ನಿಮಗ ತೋರಿಸೂದ್ರಾಗ ನನ್ನ ಗಡ್ಡ ಬೆಳ್ಳಗಾತ್ರಿ ಮಾಸ್ತರ!” ಎಂದು ಅವನು ನಕ್ಕರೆ, “ಮೆಹಂದಿ ಹಚ್ಕೋ, ಮುಂದಿಂದು ತೆಗಿ” ಎನ್ನುವರು. ಕಡೆಯ ಪರೀಕ್ಷೆ ಮಾತ್ರ ಒಂದೇ. ಬಲಗೈಯಿಂದ ಷಡ್ಜವನ್ನು ಒತ್ತಿ ಹಿಡಿದು ಕಣ್ಣು ಮುಚ್ಚುವರು; ದನಿ ಮೆಲ್ಲಗೆ ಕರಗಿಹೋದೊಡನೆ, “ಇದಕ್ಕೂ ಉಸಿರಿಲ್ಲಲೇ” ಎಂದು ಎದ್ದುಬಿಡುವರು. ಆಗ ಲಕ್ವಾ ಹೊಡೆದ ಎಡಗೈ ಪಕ್ಕದಲ್ಲಿ ಜೋತು ಬೀಳುತ್ತಿತ್ತು. ತಿದಿಯೊತ್ತುವ ಆ ಕೈ ಸೋತಂದಿನಿಂದ ಮನೆಯ ಪೇಟಿ ಮೂಕವಾಗಿತ್ತು. ಒಂದು ದಿನ ಸರ್ದಾರ ಗುಂಡಿಯೊತ್ತಿ ಕೀಬೋರ್ಡಿನ ಎಂದಿನ ಪಿಯಾನೋದ ದನಿ ಬದಲಿಸಿ ಆರ್ಗನ್ನಿನ ದನಿ ಇಟ್ಟ. ಷಡ್ಜ ಕರಗಲಿಲ್ಲ, ಅಂಗಡಿ ತುಂಬಿ ನಿಂತೇ ನಿಂತಿತು. ಚಂದ್ರಾಮಪ್ಪನವರು ಬೆರಳೆತ್ತದೆಯೇ ಕೂಗಿದರು: “ಸರ್ದಾರಾ, ಹೀಂಗ ಒತ್ತಿದಾಂಗೇ ಕಟ್ಟಿ ಕೊಡು ಲೇ!”