ತವರಿನ ಹೆಸರಿನಲ್ಲಿ ನಿಂತದ್ದು

ಬೈಲಹೊಂಗಲದ ನಮ್ಮ ವಾರ್ಡು ಆ ಸಲ ಮಹಿಳೆಗೆ ಮೀಸಲಾದಾಗ, ಓಣಿಯ ಹೆಂಗಸರು ಕಾಕುವನ್ನು ಪುರಸಭೆ ಚುನಾವಣೆಗೆ ನಿಲ್ಲಿಸಿದರು. ಕಾಕು ನನ್ನ ಚಿಕ್ಕಪ್ಪನ ಹೆಂಡತಿ. ಮನೆಯಲ್ಲೇ ಜಂಪರು ಹೊಲಿಯುತ್ತಾಳೆ. ನಳಕ್ಕೆ ನೀರು ಬಾರದಾಗ ಪುರಸಭೆಗೆ ಹೋಗಿ, ನೀರು ಬಿಡುವವನು ಎದ್ದು ಹೊರಡುವವರೆಗೆ ಅಲ್ಲಿನ ಬೆಂಚಿನ ಮೇಲೆ ಕುಳಿತಿರುತ್ತಿದ್ದಳು. ಅವಳ ಹಿಂದೆ ಯಾವ ಪಕ್ಷವೂ ಇರಲಿಲ್ಲ. ಎಂ.ಎ. ಮುಗಿಸಿ ಮನೆಯಲ್ಲಿದ್ದ ನನ್ನ ಪಾಲಿಗೆ ಕಾಗದಪತ್ರದ ಕೆಲಸ ಬಂತು.

ನಾಮಪತ್ರದಲ್ಲಿ ನಾನು ಬರೆದದ್ದು ಮತದಾರರ ಪಟ್ಟಿಯಲ್ಲಿದ್ದ ಹೆಸರು, ಸವದತ್ತಿಯ ತವರಿನವರು ಅವಳಿಗೆ ಇಟ್ಟದ್ದು. ಮದುವೆಯ ದಿನ ಚಿಕ್ಕಪ್ಪ ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಗಂಡನ ಮನೆಯ ಹೊಸ ಹೆಸರು ಬರೆದಿದ್ದರು. ಅದನ್ನು ಆರಿಸಿದವಳು ಅಜ್ಜಿ. ಅದು ಅಜ್ಜಿಯ ತಾಯಿಯ ಹೆಸರು. ಇಪ್ಪತ್ತು ವರ್ಷಗಳಿಂದ ಓಣಿಗೆ ಗೊತ್ತಿದ್ದದ್ದು ಅದೊಂದೇ. ರೂಢಿಯ ಹೆಸರನ್ನೂ ಸೇರಿಸಲು ಒಂದು ಖಾನೆಯಿತ್ತು. ದಾಖಲೆಗೆ ಹೊಂದುವುದೇ ಸರಿ ಎಂದುಕೊಂಡು ನಾನು ಅದನ್ನು ಖಾಲಿ ಬಿಟ್ಟೆ.

ಅಭ್ಯರ್ಥಿಗಳ ಅಂತಿಮ ಪಟ್ಟಿ ಪುರಸಭೆಯ ಗೋಡೆಗೆ ಬಂದಾಗ ನೋಡಿದರೆ ಆ ರೂಢಿಯ ಹೆಸರು ಅದರಲ್ಲಿತ್ತು. ಅದು ವಾರ್ಡಿನ ಇನ್ನೊಂದು ತುದಿಯ ಬೇರೊಬ್ಬ ಪಕ್ಷೇತರ ಹೆಂಗಸಿನದು. ಆಕೆ ಪ್ರಚಾರಕ್ಕೂ ಹೊರಟಿರಲಿಲ್ಲ. ಕಾಕುವಿನ ಹೆಸರು ಅದರ ಕೆಳಗಿತ್ತು. ಬದಲಿಸುವ ಗಡುವು ಮುಗಿದಿತ್ತು.

“ಕಾಕು, ತಪ್ಪಾತು. ಆ ಖಾನೆ ಖಾಲಿ ಬಿಟ್ಟಾಕಿ ನಾನ,” ಎಂದೆ.

“ಸಹಿ ಮಾಡುವಾಗ ನೋಡೇನಿ,” ಎಂದಳು. “ಇರ್ಲಿ ಅಂತ ಸುಮ್ಮನಾದೆ. ಒಂದ ಸಲಾರ ನನ್ನ ಹೆಸರಿಲೆ ನಿಂದ್ರಬೇಕ ಅನಸ್ತು.”

ಮರುದಿನವೇ ನಾನು ಪ್ರಚಾರದ ಚೀಟಿ ಅಚ್ಚಿಗೆ ಕೊಟ್ಟೆ.

ಆಮೇಲೆ ನಾವು ಮನೆಮನೆಗೆ ಹೋದದ್ದು ನೀರು, ಗಟಾರದ ಮಾತಿಗಲ್ಲ, ಹೆಸರು ಕಲಿಸಲು. ಕಾಕುವಿಗೆ ಸಿಕ್ಕಿದ್ದ ಹೊಲಿಗೆ ಯಂತ್ರದ ಚಿಹ್ನೆಯನ್ನು ಚೀಟಿಯಲ್ಲಿ ತೋರಿಸುತ್ತಿದ್ದೆವು. ಎದುರು ಪಕ್ಷದವರೊಬ್ಬರು ಚಹಾದಂಗಡಿಯಲ್ಲಿ ಕುಳಿತು, “ತಮ್ಮ ಹೆಸರ ನೆಟ್ಟಗಿಲ್ಲ, ವಾರ್ಡ್ ನೆಟ್ಟಗ ಮಾಡ್ತಾರಂತ,” ಎಂದರು. ಕಾಕು ನಕ್ಕು ಅವರ ಕೈಗೂ ಒಂದು ಚೀಟಿ ಕೊಟ್ಟಳು.

ಅಜ್ಜಿ ಮೂರು ದಿನ ನಮ್ಮೊಡನೆ ಬರಲಿಲ್ಲ. “ನಾ ಇಟ್ಟ ಹೆಸರಿಗೆ ಓಟ ಹಾಕಬ್ಯಾಡ್ರಿ ಅಂತ ನಾನ ಹೆಂಗ ಹೇಳ್ಲಿ?” ಎನ್ನುತ್ತಿದ್ದಳು. ನಾಲ್ಕನೆಯ ದಿನ ಯಾರೂ ಕರೆಯದೆ ಚಪ್ಪಲಿ ಮೆಟ್ಟಿ ಹೊರಟಳು.

“ನಮ್ಮ ಸೊಸಿ ತವರಮನಿ ಹೆಸರಿಲೆ ನಿಂತಾಳ್ರಿ. ಹೊಲಗಿ ಮಷಿನ್ ನೋಡಿ ಒತ್ರಿ,” ಎಂದು ಪ್ರತಿ ಬಾಗಿಲಲ್ಲೂ ಹೇಳಿದಳು. ತವರಿನ ಆ ಹೆಸರನ್ನು ಮಾತ್ರ ಅವಳು ಬಾಯಿಂದ ಆಡಲಿಲ್ಲ. ಅಲ್ಲಿಗೆ ಬಂದಾಗ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ನಾನು ಹೇಳುತ್ತಿದ್ದೆ.

ಮತದಾನದ ಸಂಜೆ ನಮ್ಮ ಪಕ್ಕದ ಮನೆಯ ಮುದುಕಿ ಬೆರಳಿನ ಶಾಯಿ ತೋರಿಸುತ್ತ ಬಂದಳು. ಪ್ರಚಾರದ ದಿನಗಳಲ್ಲೆಲ್ಲ ರಾಮದುರ್ಗದ ಮಗಳ ಮನೆಯಲ್ಲಿದ್ದು, ಓಟಿಗೆಂದೇ ಬೆಳಗಿನ ಬಸ್ಸಿಗೆ ಬಂದಿದ್ದಳು. ವಯಸ್ಸಾದ ಮೇಲೆ ಅಕ್ಷರ ಕಲಿತವಳು.

“ಚಿತ್ರಗಿತ್ರ ನೋಡ್ಲಿಲ್ಲವಾ ನಾ. ನಿನ್ನ ಹೆಸರ ಒಂದೊಂದ ಅಕ್ಷರ ಕೂಡಿಸಿ ಓದಿ ಒತ್ತೇನಿ. ಮ್ಯಾಲ ಇತ್ತು, ಲಗೂನ ಸಿಕ್ತು,” ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕು, “ಬಾಳ ಚಲೋ ಮಾಡಿದ್ರಿ ಆಯಿ. ಕುಂತ್ರಿ, ಚಹಾ ಮಾಡ್ತೇನಿ,” ಎಂದು ಒಳಗೆ ಹೋದಳು.

ಎಣಿಕೆಯಲ್ಲಿ ಕಾಕು ಎರಡನೆಯವಳಾದಳು. ಗೆದ್ದವರಿಗೂ ಅವಳಿಗೂ ಇದ್ದ ಅಂತರಕ್ಕಿಂತ ಆ ಇನ್ನೊಬ್ಬ ಪಕ್ಷೇತರ ಹೆಂಗಸಿಗೆ ಬಿದ್ದ ಮತಗಳು ಹೆಚ್ಚಿದ್ದವು. ಇಷ್ಟು ಜನ ತನಗೆ ಯಾಕೆ ಹಾಕಿದರೆಂದು ತಿಳಿಯದೆ ಆಕೆ ಎಣಿಕೆ ಕೇಂದ್ರದ ಬಾಗಿಲ ಹತ್ತಿರ ಗಂಡನ ಮುಖ ನೋಡುತ್ತ ನಿಂತಿದ್ದಳು.

ನಾವು ನಡೆದೇ ಮನೆಗೆ ಬಂದೆವು. ದಾರಿಯಲ್ಲಿ ನಾನು, “ಮುಂದಿನ ಸಲ ಎರಡೂ ಹೆಸರ ಬರಿಯೂಣು,” ಎಂದೆ.

“ಬ್ಯಾಡ,” ಎಂದಳು ಕಾಕು. “ಐದ ವರ್ಷ ಐತಲ್ಲ. ಕಲೀತಾರ.”