ಕಂಡಕಿ ತುಂಬುವ ವಾಚಕ

ಧಾರವಾಡದಲ್ಲಿ ಗ್ರಂಥಾಲಯದ ತರಬೇತಿ ಮುಗಿಸಿ ಬನಹಟ್ಟಿಗೆ ಮರಳಿದ ಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಹೋಗುವಾಗ ನಾನು ವಾಚನಾಲಯದ ಬಾಗಿಲು ತೆಗೆದು, ಕಸ ಹೊಡೆದು, ಪತ್ರಿಕೆಗಳನ್ನು ಮೇಜಿನ ಮೇಲೆ ಹರವಿಡುವ ಮನುಷ್ಯ. ಬರುವಾಗ ಗ್ರಂಥಪಾಲ. ಕಿಸೆಯಲ್ಲಿ ಪ್ರಮಾಣಪತ್ರ, ತಲೆಯಲ್ಲಿ ವರ್ಗೀಕರಣದ ಅಂಕಿಗಳು, ಚೀಲದ ತುಂಬ ಖಾಲಿ ಕಾರ್ಡು. ಊರಿನವರು ಮಾತ್ರ ಮೊದಲಿನಂತೆ ‘ಪೇಪರ್ ಮಾಸ್ತರ’ ಎಂದೇ ಕರೆಯುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ಸಂಸ್ಥಾನಗಳು ಮುಗಿದು ನಾವೆಲ್ಲ ಮುಂಬಯಿ ರಾಜ್ಯದವರಾಗಿದ್ದ ಕಾಲ ಅದು. ಜಮಖಂಡಿ, ಮುಧೋಳ, ಬೀಳಗಿ ಮತ್ತು ನಮ್ಮ ರಬಕವಿ-ಬನಹಟ್ಟಿಯ ವಾಚನಾಲಯಗಳನ್ನು ನೋಡಿಕೊಳ್ಳುವ ನಾಲ್ವರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೆವು. ತಿಂಗಳಿಗೊಮ್ಮೆ ಸಭೆ, ಒಂದೊಂದು ಸಲ ಒಂದೊಂದು ಊರಿನಲ್ಲಿ. ಕಲಿತು ಬಂದವನು ಉಳಿದವರಿಗೆ ಕಲಿಸಬೇಕು ಎಂಬುದು ಕರಾರು. ಮುಧೋಳದವರು ಎಲ್ಲರಿಗಿಂತ ಹಿರಿಯರು. ತಮ್ಮ ಕಪಾಟಿನ ಕನ್ನಡ, ಮರಾಠಿ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದವರು. ಬೀಳಗಿಯವರು ನಿಯಮ ಅಂದರೆ ಪ್ರಾಣ ಬಿಡುವವರು. ಜಮಖಂಡಿಯವರು ಚಹಾ, ಚುರುಮುರಿಯ ವ್ಯವಸ್ಥೆಯಲ್ಲಿ ಎತ್ತಿದ ಕೈ. ಸಂಘದ ಸುದ್ದಿಹಾಳೆ ಬರೆಯುವ ಕೆಲಸ ನನ್ನದು.

ಕಾರ್ಬನ್ ಕಾಗದ ಇಟ್ಟು ಬೆರಳು ನೋಯುವಂತೆ ಒತ್ತಿ ಬರೆದರೆ ನಾಲ್ಕು ಪ್ರತಿ ಬರುತ್ತಿದ್ದವು. ನಾಲ್ಕನೆಯದು ಮಸುಕು, ಅದನ್ನು ನಾನಿಟ್ಟುಕೊಳ್ಳುತ್ತಿದ್ದೆ. ಉಳಿದ ಮೂರನ್ನು ಬಸ್ಸಿನ ಕಂಡಕ್ಟರ ಒಯ್ಯುತ್ತಿದ್ದ. ಬೀಳಗಿಯ ಕಪಾಟಿಗೆ ಗೆದ್ದಲು ಹತ್ತಿದ್ದು, ಜಮಖಂಡಿಗೆ ಹೊಸ ಬೆಂಚು ಬಂದದ್ದು, ಹರಿದ ರಟ್ಟು ಅಂಟಿಸಲು ಖಳಿ ಕುದಿಸುವ ರೀತಿ, ಎಲ್ಲವೂ ಆ ಹಾಳೆಯಲ್ಲಿ ಇರುತ್ತಿದ್ದವು. ಓದುವವರು ಮೂರೇ ಜನ ಎಂದು ಗೊತ್ತಿದ್ದರೂ ನಾನು ಅದನ್ನು ಲೋಕಕ್ಕೆಲ್ಲ ಬರೆಯುವವನಂತೆ ಬರೆಯುತ್ತಿದ್ದೆ.

ಒಂದು ಸಭೆಯಲ್ಲಿ ನಾನು ಎರಡು ಠರಾವು ಮಂಡಿಸಿದೆ. ಒಂದು, ಒಬ್ಬ ಸದಸ್ಯರ ಟಿಕೇಟಿನ ಮೇಲೆ ಇನ್ನೊಬ್ಬರಿಗಾಗಿ ಪುಸ್ತಕ ಒಯ್ಯಬಾರದು, ಒಯ್ದರೆ ಟಿಕೇಟು ರದ್ದು. ಇನ್ನೊಂದು, ವಾರ್ಷಿಕ ಸಭೆಯಲ್ಲಿ ನಾಲ್ಕೂ ಊರುಗಳ ವಹಿ ನೋಡಿ, ಹೆಚ್ಚು ಪುಸ್ತಕ ಓದಿದವರಿಗೆ ‘ಉತ್ತಮ ವಾಚಕ’ ಎಂದು ಸತ್ಕಾರ. ಎರಡಕ್ಕೂ ಎಲ್ಲರೂ ಕೈಯೆತ್ತಿದರು. ಆ ಎರಡು ಒಂದಕ್ಕೊಂದು ಹೋಗಿ ಬಡಿಯುತ್ತವೆ ಎಂದು ನನಗೆ ಆಗ ಹೊಳೆಯಲೇ ಇಲ್ಲ.

ನಾಲ್ಕೂ ವಹಿ ನೋಡಿದರೆ ನಮ್ಮ ಬನಹಟ್ಟಿಯ ಒಬ್ಬ ನೇಕಾರರ ಹೆಸರೇ ಸಾಲಿನ ಮೇಲೆ ಸಾಲು. ವಯಸ್ಸಾದವರು, ಓಣಿಯಲ್ಲಿ ಜಗಳ ಬಿದ್ದರೆ ಪಂಚರಾಗಿ ಕೂಡುವಷ್ಟು ಮರ್ಯಾದಸ್ಥರು. ತಲೆಗೆ ಬಿಳಿ ರುಂಬಾಲು ಸುತ್ತಿಕೊಂಡು ಸಂಜೆ ಬಂದು, ವಸ್ತ್ರದಲ್ಲಿ ಸುತ್ತಿದ ಪುಸ್ತಕ ಬಿಚ್ಚಿಟ್ಟು, ವಹಿಯಲ್ಲಿ ಸೊಟ್ಟಪಟ್ಟ ಸಹಿ ಮಾಡಿ, ಇನ್ನೊಂದು ಒಯ್ಯುತ್ತಿದ್ದರು. ಮಾತು ಕಡಿಮೆ. ಆದರೆ ಮರಳಿ ಬಂದ ಪುಸ್ತಕದೊಳಗೆ ಒಂದು ಚೀಟಿ ಇರುತ್ತಿತ್ತು, ಮುತ್ತು ಪೋಣಿಸಿದಂಥ ಅಕ್ಷರ. ‘ಇದರ ಎರಡನೆಯ ಭಾಗ ಇದ್ದರೆ ಕೊಡಬೇಕು.’ ಒಮ್ಮೆ ಹೀಗಿತ್ತು: ‘ಈ ಪುಸ್ತಕದ ನಡುವೆ ಹದಿನಾರು ಪುಟ ಇಲ್ಲ. ಆ ಹೆಣ್ಣುಮಗಳು ಹೊಳೆ ಹೇಗೆ ದಾಟಿದಳು ಎಂದು ತಮಗೆ ಗೊತ್ತಿದ್ದರೆ ತಿಳಿಸಬೇಕು.’

ನನಗೆ ಗೊತ್ತಿರಲಿಲ್ಲ. ಆ ಕಾದಂಬರಿಗೆ ನಂಬರು ಹಾಕಿದ್ದೆ, ಕಾರ್ಡು ಬರೆದಿದ್ದೆ, ಓದಿರಲಿಲ್ಲ. ಚೀಟಿಯನ್ನು ‘ದೂರುಗಳು’ ಎಂಬ ದಾರಕ್ಕೆ ಪೋಣಿಸಿ ಕೈ ತೊಳೆದುಕೊಂಡೆ. ಸಹಿಯ ಅಕ್ಷರವೇ ಬೇರೆ, ಚೀಟಿಯ ಅಕ್ಷರವೇ ಬೇರೆ ಎಂಬುದೂ ಕಣ್ಣಿಗೆ ಬೀಳಲಿಲ್ಲ. ಎಣಿಸುವ ಗಡಿಬಿಡಿಯಲ್ಲಿ ಇದ್ದವನಿಗೆ ಅಕ್ಷರ ಎಲ್ಲಿ ಕಾಣಬೇಕು?

‘ಮಗ್ಗದ ಮುಂದೆ ಕೂತೂ ಜ್ಞಾನದ ಹಸಿವು ಇಂಗದ ನಮ್ಮ ಬನಹಟ್ಟಿಯ ಹಿರಿಯರು’ ಎಂದು ಸುದ್ದಿಹಾಳೆಯಲ್ಲಿ ದೊಡ್ಡದಾಗಿ ಬರೆದು ಕಂಡಕ್ಟರನ ಕೈಗೆ ಕೊಟ್ಟೆ. ಆಮೇಲೆ ಅವರಿಗೇ ಸುದ್ದಿ ಮುಟ್ಟಿಸೋಣವೆಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಬಾಗಿಲು ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಒಳಗಿನಿಂದ ಹೆಣ್ಣುಮಗಳೊಬ್ಬಳು ಓದುವ ಧ್ವನಿ. ಯಾವುದೋ ಪುರಾಣ ಇರಬೇಕೆಂದುಕೊಂಡು ಬಾಗಿಲು ತಳ್ಳಿದೆ.

ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ ಮಗ್ಗದ ಮುಂದೆ ಕೂತಿದ್ದ. ಕಂಬಕ್ಕೆ ಒರಗಿ ಸೊಸೆ ನಮ್ಮ ವಾಚನಾಲಯದ ಪುಸ್ತಕ ಓದುತ್ತಿದ್ದಳು. ನಮ್ಮ ಉತ್ತಮ ವಾಚಕರು ರಾಟಿಯ ಮುಂದೆ ಕೂತು ಕಂಡಕಿ ತುಂಬುತ್ತಿದ್ದರು. ಕಂಡಕಿ ಅಂದರೆ ಲಾಳಿಯೊಳಗೆ ಕೂಡುವ ನೂಲಿನ ಸುರುಳಿ. ಅದನ್ನು ತುಂಬುವುದು ನಮ್ಮ ಕಡೆ ಹೆಂಗಸರ ಕೆಲಸ. ಪಂಚರಾಗಿ ಕೂಡುವ ಗಂಡಸು ಅದಕ್ಕೆ ಕೈ ಹಚ್ಚುತ್ತಿರಲಿಲ್ಲ. ನನ್ನನ್ನು ನೋಡಿದ್ದೇ ಅವರು ಹೆಗಲ ಮೇಲಿನ ಟಾವೆಲ್ಲನ್ನು ರಾಟಿಯ ಮೇಲೆ ಹಾಕಿ ಮುಚ್ಚಿದರು. ಅವರ ಹೆಂಡತಿ ಅಡುಗೆಮನೆಯಿಂದ ಬಂದು ನನ್ನ ಬೆನ್ನ ಹಿಂದೆ ಬಾಗಿಲು ಹಾಕಿದರು.

“ಕಾಕಾರ, ಟಿಕೇಟು ನಿಮ್ಮ ಹೆಸರಿಲೆ ಐತ್ರಿ,” ಎಂದೆ.

“ಹೌದ್ರಿ ಮಾಸ್ತರ. ನನಗ ಸಹಿ ಅಷ್ಟ ಬರ್ತೈತಿ. ಓದಾಕಿ ನಮ್ಮ ಸೊಸಿ. ಹಿಪ್ಪರಗ್ಯಾಕಿ, ಸಾಲಿ ಕಲತು ಮುಲ್ಕಿ ಪರೀಕ್ಷಾ ಪಾಸಾಗ್ಯಾಳ. ಆಕಿ ಓದಬೇಕಂದ್ರ ಕೈ ಖಾಲಿ ಇರಬೇಕು, ಮಗ್ಗ ನಡೀಬೇಕಂದ್ರ ಕಂಡಕಿ ಬೇಕು. ಅದಕ್ಕ ನಾ ಕುಂತೇನಿ.” ಮುಚ್ಚಿದ ರಾಟಿಯ ಕಡೆ ನೋಡಿ, “ಓಣ್ಯಾಗ ಹೇಳಬ್ಯಾಡ್ರಿ,” ಎಂದರು.

ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು, ಪುಸ್ತಕವನ್ನು ಎದೆಗೊತ್ತಿ ಹಿಡಿದು, ನನ್ನ ಕೈಯನ್ನೇ ನೋಡುತ್ತಿದ್ದಳು. ಎಲ್ಲಿ ಅದನ್ನು ಕಸಿದುಕೊಂಡು ಹೋಗುತ್ತೇನೋ ಎಂಬ ಅಂಜಿಕೆ. ನಿಯಮದ ಪ್ರಕಾರ ಕಸಿದುಕೊಳ್ಳಲೇಬೇಕಿತ್ತು. ಅವಳ ಹೆಸರಿನಲ್ಲೇ ಟಿಕೇಟು ಕೊಟ್ಟರಾಯಿತು ಎಂಬ ವಿಚಾರ ಕೂಡ ನನಗೆ ಬರಲಿಲ್ಲ. ಅಲ್ಲಿಯವರೆಗೆ ಒಬ್ಬ ಹೆಣ್ಣುಮಗಳೂ ನಮ್ಮ ವಾಚನಾಲಯದ ಪಾವಟಿಗೆಯ ಒಂದು ಮೆಟ್ಟಿಲೂ ಹತ್ತಿರಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದೆ. ಅದರಲ್ಲಿ ಅರ್ಧ ಕನಿಕರ. ಇನ್ನರ್ಧ ಏನೆಂದರೆ, ಸುದ್ದಿಹಾಳೆ ಆಗಲೇ ಬಸ್ಸು ಹತ್ತಿ ಹೋಗಿತ್ತು.

“ಸಭಾದಾಗ ಮಾತಾಡು ಅಂತಾರೇನ್ರಿ?” ಎಂದು, ಸತ್ಕಾರದ ಸುದ್ದಿ ಹೇಳಿದ ಮೇಲೆ, ನಾನು ಹೊರಡುವಾಗ ಕಾಕಾ ಕೇಳಿದ್ದರು. “ಇಲ್ರಿ. ತೆಂಗಿನಕಾಯಿ, ಪುಸ್ತಕ ಕೊಡ್ತಾರ, ತಗೊಂಡು ಬರೂದು,” ಎಂದಿದ್ದೆ.

ವಾರ್ಷಿಕ ಸಭೆ ಜಮಖಂಡಿಯ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು, ಬಹಳ ಸಜ್ಜನರು. ಆದರೆ ಎಷ್ಟೋ ವರ್ಷ ಮಕ್ಕಳನ್ನು ನಿಲ್ಲಿಸಿ ಪಾಠ ಓದಿಸಿದ ಚಾಳಿ ಅವರನ್ನು ಬಿಟ್ಟಿರಲಿಲ್ಲ. ಸತ್ಕಾರದ ಪುಸ್ತಕವನ್ನು ಕಾಕಾರ ಕೈಗೆ ಕೊಟ್ಟು, “ಒಂದು ಪುಟ ಓದಿ ತೋರಿಸ್ರಿ. ಎಲ್ಲಾರೂ ಕೇಳಲಿ,” ಎಂದುಬಿಟ್ಟರು.

ಕಾಕಾ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. “ಸರ್, ಅವರು ಚಾಳೀಸು ತಂದಿಲ್ರಿ.”

“ಅದಕ್ಕೇನಂತ, ನನ್ನದು ಹಾಕ್ಕೋರಿ,” ಎಂದು ಹೆಡ್‌ಮಾಸ್ತರರು ತಮ್ಮ ಚಾಳೀಸು ಬಿಚ್ಚಿ ಕೊಟ್ಟೇಬಿಟ್ಟರು.

ಕಾಕಾ ಆ ಕನ್ನಡಕ ಹಾಕಿಕೊಂಡರು. ಪುಸ್ತಕ ತೆರೆದು ಸ್ವಲ್ಪ ಹೊತ್ತು ಪುಟವನ್ನು ನೋಡಿದರು. ಆಮೇಲೆ ಅವರು ಚಾಳೀಸು ತೆಗೆದು, ಜೋಪಾನವಾಗಿ ಮಡಚಿ ಮೇಜಿನ ಮೇಲಿಟ್ಟರು.

“ಸಾಹೇಬ್ರ, ಮಾಸ್ತರ್ರು ನನ್ನ ಸಲುವಾಗಿ ಸುಳ್ಳ ಹೇಳಾಕತ್ತಾರ. ನನಗ ಓದಾಕ ಬರೂದಿಲ್ರಿ. ಓದಾಕಿ ನಮ್ಮ ಸೊಸಿ, ಕೇಳಾಂವ ನಾನು. ಆಕಿ ಓದೂವಾಗ ಕಂಡಕಿ ನಾ ತುಂಬತೇನಿ.”

ಹಿಂದಿನ ಬೆಂಚುಗಳಲ್ಲಿ ನಮ್ಮೂರಿನಿಂದ ಬಂದ ನೇಕಾರರು ಕೂತಿದ್ದರು. ಅವರು ನಕ್ಕರು. ಒಬ್ಬ ರಾಟಿ ತಿರುಗಿಸುವಂತೆ ಕೈ ತಿರುಗಿಸಿ ತೋರಿಸಿದ. ಕಾಕಾರ ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು.

“ಹಂಗಾರ ಕೇಳಿದ್ದನ್ನ ಹೇಳ್ರಿ,” ಎಂದರು ಹೆಡ್‌ಮಾಸ್ತರರು, ದನಿ ತಗ್ಗಿಸಿ.

ಕಾಕಾ ಹೇಳಿದರು. ಅಣ್ಣನನ್ನು ಹುಡುಕಿಕೊಂಡು ಹೊರಟ ಹೆಣ್ಣುಮಗಳು, ತುಂಬಿ ಬಂದ ಹೊಳೆ, ಅಂಬಿಗರಿಲ್ಲ. ಅವಳು ಸೀರೆ ಕಚ್ಚೆ ಹಾಕಿ, ಒಣಗಿದ ಸೋರೆಬುರುಡೆ ಎರಡನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದದ್ದು. ನಡುಹೊಳೆಯಲ್ಲಿ ಒಂದು ಬುರುಡೆಯ ಹುರಿ ಬಿಚ್ಚಿದ್ದು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಆಚೆ ದಂಡೆ ಮುಟ್ಟಿದ್ದು. ಕೈ ತಿರುಗಿಸಿ ತೋರಿಸಿದವನೂ ಬಾಯಿ ತೆರೆದು ಕೇಳುತ್ತಿದ್ದ.

“ಆ ಕಾದಂಬರಿ ನಾ ಓದೇನಿ,” ಎಂದರು ಮುಧೋಳದವರು, ಬೆರಳೆತ್ತಿ. “ಈ ಬುರುಡಿ, ಹುರಿ, ಇದ್ಯಾವುದೂ ಅದರಾಗ ಇಲ್ಲ.”

“ಐತ್ರಿ. ನಾ ಕೇಳೇನಿ,” ಎಂದರು ಕಾಕಾ.

ನನಗೆ ದಾರಕ್ಕೆ ಪೋಣಿಸಿದ ಚೀಟಿ ನೆನಪಾಯಿತು. ಇಲ್ಲದ ಹದಿನಾರು ಪುಟ. ಹಿಪ್ಪರಗಿ ಹೊಳೆಯ ದಂಡೆಯ ಊರು, ಅಲ್ಲಿಯವರು ಬುರುಡೆ ಕಟ್ಟಿಕೊಂಡೇ ಕೃಷ್ಣೆಗೆ ಇಳಿಯುತ್ತಿದ್ದರು. ಎಲ್ಲವೂ ಒಮ್ಮೆಲೇ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ. ಬೀಳಗಿಯವರು ಎದ್ದು, ಯಾವ ದ್ವೇಷವೂ ಇಲ್ಲದೆ, ನಾನೇ ಬರೆದ ನಿಯಮವನ್ನು ನನ್ನ ಮಾತುಗಳಲ್ಲೇ ಓದಿ ಹೇಳಿದರು. ಕಾಕಾ ಕಿಸೆಯಿಂದ ಟಿಕೇಟು ತೆಗೆದು ಚಾಳೀಸಿನ ಪಕ್ಕದಲ್ಲಿ ಇಟ್ಟರು. ಸತ್ಕಾರದ ಪುಸ್ತಕವನ್ನೂ ಅಲ್ಲೇ ಇಟ್ಟರು. “ಕಾನೂನು ಖರೆ ಐತ್ರಿ,” ಎಂದು ಕೈ ಮುಗಿದು ಇಳಿದರು.

ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕೂತು ಬಂದೆ. ನನ್ನ ತರಬೇತಿ, ನನ್ನ ನಿಯಮ, ನನ್ನ ಸುದ್ದಿಹಾಳೆ ಎಲ್ಲ ಸೇರಿ ನಾಲ್ಕೂ ಊರಿನಲ್ಲಿ ನಿಜವಾಗಿ ಓದುತ್ತಿದ್ದ ಒಂದೇ ಒಂದು ಮನೆಯಿಂದ ಪುಸ್ತಕ ಕಿತ್ತುಕೊಂಡಿದ್ದವು.

ಮರುದಿನ ಸದಸ್ಯತ್ವದ ಫಾರ್ಮು ಹಿಡಿದುಕೊಂಡು ಅವರ ಮನೆಗೆ ಹೋದೆ. ಬಾಗಿಲು ಪೂರಾ ತೆರೆದಿತ್ತು. ಹೊಸ್ತಿಲ ಹತ್ತಿರ, ಹೋಗಿಬರುವವರಿಗೆಲ್ಲ ಕಾಣುವಂತೆ, ಕಾಕಾ ರಾಟಿ ಇಟ್ಟುಕೊಂಡು ಕಂಡಕಿ ತುಂಬುತ್ತಿದ್ದರು.

“ಇಲ್ಲಿ ಬೆಳಕ ಛಲೋ ಐತ್ರಿ,” ಎಂದರು. “ಓಣ್ಯಾಗ ನಗೂದೆಲ್ಲಾ ನಕ್ಕಾತು. ಇನ್ನ ಬಾಗಲಾ ಹಾಕಿ ಏನ ಮಾಡೂದು?”

ಒಳಗೆ ಮಗ್ಗ ನಡೆದಿತ್ತು, ಓದುವ ಧ್ವನಿ ಇರಲಿಲ್ಲ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಫಾರ್ಮು ಅವಳ ಕೈಗೆ ಕೊಟ್ಟು, “ತಂಗಿ, ಇದು ನಿಮ್ಮ ಹೆಸರಿಗೆ. ಮೊದಲ ಕೊಡಬೇಕಿತ್ತು. ತಪ್ಪು ನಂದು,” ಎಂದೆ. ಅವಳು ಮಾವನ ಮುಖ ನೋಡಿದಳು. “ಬರಿಯವಾ,” ಎಂದರು ಅವರು. ಅವಳು ನೆಲಕ್ಕೆ ಕೂತು ಬರೆದಳು, ಅದೇ ಚೀಟಿಯ ಅಕ್ಷರ. ಆ ವಾರವೇ ಅತ್ತೆಯನ್ನು ಕರೆದುಕೊಂಡು ವಾಚನಾಲಯದ ಪಾವಟಿಗೆ ಹತ್ತಿದಳು. ಪತ್ರಿಕೆ ಓದುತ್ತಿದ್ದವರು ಕಾಲು ಮಡಚಿಕೊಂಡು ದಾರಿ ಬಿಟ್ಟರು.

ಮುಂದಿನ ಸುದ್ದಿಹಾಳೆಯಲ್ಲಿ ನಡೆದದ್ದನ್ನು ನಡೆದಂತೆ ಬರೆದೆ, ನನ್ನ ತಪ್ಪನ್ನೂ ಬಿಡದೆ. ಹೆಣ್ಣುಮಕ್ಕಳ ಸಲುವಾಗಿ ಹೆಚ್ಚಿನ ಫಾರ್ಮು ಬೇಕೆಂದು ಮೊದಲು ಕೇಳಿ ಕಳಿಸಿದವರು ಬೀಳಗಿಯವರು. ಮುಧೋಳದವರಿಂದ ಕಂಡಕ್ಟರನ ಕೈಯಲ್ಲಿ ಒಂದು ಲಕೋಟೆ ಬಂತು. ತಮ್ಮಲ್ಲಿಯ ಪ್ರತಿಯಿಂದ ಆ ಹದಿನಾರು ಪುಟಗಳನ್ನು ಕೈಯಾರೆ ನಕಲು ಮಾಡಿ ಕಳಿಸಿದ್ದರು. ‘ನೋಡಿರಿ, ನಾನು ಹೇಳಿದ್ದೇ ಖರೆ’ ಎಂದು ಮೇಲೆ ಒಂದು ಸಾಲು.

ಅದನ್ನು ಒಯ್ದು ಸೊಸೆಯ ಕೈಗೆ ಕೊಟ್ಟೆ. ಅವಳು ಮೊದಲ ಹಾಳೆಯ ಮೇಲೆ ಕಣ್ಣಾಡಿಸಿದಳು. ಆಮೇಲೆ ಮಾವನ ಮುಂದೆ ತಲೆ ತಗ್ಗಿಸಿ, “ಮಾವಾರ, ಆ ಹೊಳಿ ನಂದ್ರಿ. ಪುಟ ಇರಲಿಲ್ಲ. ಕಥಿ ನಿಲ್ಲಬಾರದಂತ ನಾನ ಮಾಡಿ ಹೇಳಿದ್ದೆ,” ಎಂದಳು. “ನನ್ನ ಸಲುವಾಗಿ ಅಷ್ಟು ಮಂದ್ಯಾಗ ನೀವು ಸುಳ್ಳಾದ್ರಿ.”

ರಾಟಿ ನಿಂತಿತು. ಮಗ್ಗವೂ ನಿಂತಿತು. ಕಾಕಾ ಅವಳ ಕೈಯ ಹಾಳೆ ತೋರಿಸಿ, “ಆತು. ಇದನ್ನ ಓದು,” ಎಂದರು.

ಅವಳು ಓದಿದಳು. ಬೆಳದಿಂಗಳ ವರ್ಣನೆ ಮುಗಿಯಲೊಲ್ಲದು. ಹೆಣ್ಣುಮಗಳು ದಂಡೆಯ ಮೇಲೆ ಕೂತು ಅಳುತ್ತಾಳೆ. ಒಬ್ಬ ತರುಣ ನಾವೆ ತರುತ್ತಾನೆ, ಕೈ ಹಿಡಿದು ಹತ್ತಿಸುತ್ತಾನೆ, ಆಚೆ ದಂಡೆಗೆ ಇಳಿಸುತ್ತಾನೆ. ಅಷ್ಟೇ.

ಕಾಕಾ ನೂಲಿನ ಎಳೆಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. “ಮಾಸ್ತರ, ಇದನ್ನ ಮುಧೋಳಕ್ಕ ತಿರುಗಿ ಕಳಸ್ರಿ,” ಎಂದರು. “ನಮ್ಮ ಸೊಸಿ ಹೇಳಿದ್ರಾಗ ಆಕಿ ತಾನ ಹೊಳಿ ದಾಟಿದ್ದಳು. ಇಲ್ಲಿ ಯಾವನೋ ಬಂದು ದಾಟಸ್ತಾನ.” ಅವಳ ಕಡೆ ತಿರುಗಿ, “ನೀ ನಿಂದ ಹೇಳವಾ. ನಿನ್ನ ಬಾಯಿಲೆ ಮಾಸ್ತರ್ರು ಕೇಳಿಲ್ಲ,” ಎಂದರು.

ಅವಳು ಹಾಳೆಗಳನ್ನು ಮಡಚಿ ನನ್ನ ಕೈಗೆ ಕೊಟ್ಟಳು. ನಾನು ಹೊಸ್ತಿಲ ಮೇಲೆ ಕೂತೆ. ಪುಸ್ತಕವಿಲ್ಲದೆ, ಓಣಿಗೆಲ್ಲ ಕೇಳುವಂತೆ ಕಥೆ ಹೇಳುತ್ತ, ಅವಳು ಎರಡು ಬುರುಡೆ ಕಟ್ಟಿಕೊಂಡು ನೀರಿಗಿಳಿದಳು.